ಔಷಧದ ಡಬ್ಬಿಯ ಮುಚ್ಚಳ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಆ ಮನೆಯ ಔಷಧದ ಡಬ್ಬಿಯನ್ನು. ಇದು ಮರ್ಯಾದಸ್ಥರ ಅಭ್ಯಾಸವಲ್ಲ ಎಂದು ನನಗೂ ಗೊತ್ತು. ನೆಂಟರ ಮನೆಯಲ್ಲಿ ಬೇರೆ ಹೆಂಗಸರು ಪರದೆಯ ಬಟ್ಟೆ ನೋಡುತ್ತಾರೆ, ಶೋಕೇಸಿನ ಬೊಂಬೆ ನೋಡುತ್ತಾರೆ. ನಾನು ಫ್ರಿಜ್ಜಿನ ಮೇಲಿರುವ ಬಿಸ್ಕತ್ತಿನ ಡಬ್ಬಿಯನ್ನು ನೋಡುತ್ತೇನೆ. ಅದರಲ್ಲಿ ಬಿಸ್ಕತ್ತು ಇರುವುದಿಲ್ಲ ಎಂದು ನಿಮಗೂ ಗೊತ್ತು. ಕತ್ತರಿಯಿಂದ ತುಂಡು ಮಾಡಿದ ಮಾತ್ರೆಯ ಪಟ್ಟಿಗಳು, ಯಾವಾಗಲೋ ಬಂದ ಕೆಮ್ಮಿಗೆ ತಂದ ಅರ್ಧ ಬಾಟಲಿ, ಹೆಸರು ಅಳಿಸಿಹೋದ ಒಂದು ಮುಲಾಮು. ಪಟ್ಟಿಯನ್ನು ಕತ್ತರಿಸುವಾಗ ತಾರೀಖು ಇರುವ ತುದಿಯನ್ನೇ ಎಸೆಯುವುದು ನಮ್ಮೆಲ್ಲರ ಮನೆಯ ಸಂಪ್ರದಾಯ. "ಇವತ್ತು ಅವರ ಫ್ರಿಜ್ ಹತ್ತಿರ ಹೋಗಬೇಡ ಕಣೆ," ಎಂದು ನನ್ನ ಗಂಡ ಪ್ರಕಾಶ್ ಬಾಗಿಲ ಬೆಲ್ ಒತ್ತುವ ಮೊದಲೇ ಹೇಳಿಬಿಡುತ್ತಾರೆ. ನಾನು ಹೂಂ ಎನ್ನುತ್ತೇನೆ. ಕಾಫಿ ಕುಡಿಯುವಷ್ಟರಲ್ಲಿ ಹೋಗಿರುತ್ತೇನೆ.

ನಾನು ನರ್ಸು. ಈ ಚಾಳಿ ಅಂಟಿದ್ದು ಎರಡು ಸಾವಿರನೇ ಇಸವಿ ಕಳೆದ ಹೊಸತರಲ್ಲಿ, ವಿಜಯವಾಡದ ಗವರ್ನರ್‌ಪೇಟೆಯ ಒಂದು ಆಸ್ಪತ್ರೆಯಲ್ಲಿ. ಅರಸೀಕೆರೆಯ ಹುಡುಗಿ ವಿಜಯವಾಡಕ್ಕೆ ಹೇಗೆ ಬಂದಳು ಎಂದರೆ, ಮದುವೆಯಾಗಿ ಬಂದಳು. ಆದರೆ ಬರಬೇಕಾದ ಊರಿಗೆ ಬರಲಿಲ್ಲ. ಪ್ರಕಾಶ್ ವಿಶಾಖಪಟ್ಟಣದ ಹೊರಗಿನ ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್. ನನಗೆ ಕೆಲಸ ಸಿಕ್ಕಿದ್ದು ವಿಜಯವಾಡದಲ್ಲಿ. "ಆರು ತಿಂಗಳು ಅಷ್ಟೆ, ಆಮೇಲೆ ಇಲ್ಲೇ ನೋಡೋಣ," ಎಂದಿದ್ದರು. ಆ ಆರು ತಿಂಗಳು ಎರಡು ವರ್ಷಕ್ಕೂ ಮುಗಿಯಲಿಲ್ಲ. ನಮ್ಮಿಬ್ಬರ ನಡುವೆ ಆರೇಳು ಗಂಟೆಯ ರೈಲು ದಾರಿ, ಹೊಂದಿಕೆಯಾಗದ ಎರಡು ಶಿಫ್ಟುಗಳು. ಸಂಸಾರ ನಡೆದದ್ದು ಮಿಸ್ಡ್ ಕಾಲಿನ ಮೇಲೆ. ಒಂದು ರಿಂಗ್ ಎಂದರೆ ಎದ್ದೆ, ಎರಡು ಎಂದರೆ ಊಟವಾಯಿತು, ಮೂರು ಎಂದರೆ ನೆನಪಾಗುತ್ತಿದೆ. ಮೂರನೆಯ ರಿಂಗಿಗೆ ಕಾಯುತ್ತ ಎರಡಕ್ಕೇ ನಿಂತುಹೋದಾಗ ಆಗುತ್ತಿದ್ದ ನಿರಾಸೆಯನ್ನು ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ.

ಆದರೆ ಗಂಡನಿಗಿಂತ ಹೆಚ್ಚು ನೆನಪಾಗುತ್ತಿದ್ದದ್ದು ಇನ್ನೊಂದಿತ್ತು. (ಪ್ರಕಾಶ್ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ಅದು ಕನ್ನಡ. ತೆಲುಗು ನನಗೆ ಬೇಗನೇ ಬಂತು. ತೆಲುಗಿನಲ್ಲಿ ಕೆಲಸ ಮಾಡುತ್ತಿದ್ದೆ, ತರಕಾರಿ ಕೊಳ್ಳುತ್ತಿದ್ದೆ, ರೋಗಿಗಳಿಗೆ ಸಮಾಧಾನ ಹೇಳುತ್ತಿದ್ದೆ. ಗೊಣಗುವುದಕ್ಕೆ ಮಾತ್ರ ಬರುತ್ತಿರಲಿಲ್ಲ. ಕಲಿತ ಭಾಷೆಯಲ್ಲಿ ಜಗಳವನ್ನೂ ಆಡಬಹುದು, ಸುಮ್ಮನೆ ಗೊಣಗಿಕೊಳ್ಳುವುದಕ್ಕೆ ಹುಟ್ಟಿದ ಭಾಷೆಯೇ ಬೇಕು. ಕನ್ನಡದಲ್ಲಿ ಗೊಣಗಿದರೆ ಅಲ್ಲಿ ಕೇಳುವವರಿರಲಿಲ್ಲ. ಕೇಳುವವರಿಲ್ಲದ ಗೊಣಗಾಟಕ್ಕೆ ರುಚಿಯೆಲ್ಲಿ?

ನಮ್ಮ ವಾರ್ಡಿನ ಮುಖ್ಯಸ್ಥೆ ರತ್ನಂ ಸಿಸ್ಟರ್. ಐವತ್ತು ದಾಟಿದ, ದಪ್ಪ ಕನ್ನಡಕದ, ಮೆಲುದನಿಯ ಹೆಂಗಸು. ಔಷಧದ ಹೆಸರನ್ನು ಅವರು ಮೂರು ಸಲ ಓದುತ್ತಿದ್ದರು: ಕಪಾಟಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ, ಖಾಲಿ ಸೀಸೆಯನ್ನು ಎಸೆಯುವಾಗ. ರೋಗಿಯ ಹೆಸರನ್ನು ನಾವೇ ಹೇಳಿ ಹೌದೋ ಎಂದು ಕೇಳಬಾರದು, ಅವರ ಬಾಯಿಂದಲೇ ಹೇಳಿಸಬೇಕು ಎಂಬುದು ಇನ್ನೊಂದು ಕಟ್ಟಳೆ. ಜ್ವರದಲ್ಲಿರುವವರು ಏನು ಕೇಳಿದರೂ ಹೌದು ಎನ್ನುತ್ತಾರೆ. ಒಮ್ಮೆ ನಮ್ಮ ವಾರ್ಡಿನಲ್ಲಿ ಏಕಕಾಲಕ್ಕೆ ಮೂವರು ವೆಂಕಟೇಶ್ವರ ರಾವ್‌ಗಳಿದ್ದರು. ಕರೆದರೆ ಮೂವರೂ ತೋಳು ಚಾಚುತ್ತಿದ್ದರು.

ಸೇರಿದ ಎರಡನೆಯ ವಾರದಲ್ಲೇ ನಾನು ತಪ್ಪು ಮಾಡಿದೆ. ಒಬ್ಬ ರೋಗಿಯನ್ನು ತೋರಿಸಿ ಸಿಸ್ಟರ್, "ಉದಯಂ ಮಾತ್ರ ಇಚ್ಚೆಯ್ ಅಮ್ಮಾ," ಎಂದರು. ತೆಲುಗಿನಲ್ಲಿ ಮಾತ್ರ ಎಂದರೆ ಮಾತ್ರೆ. ಬೆಳಗಿನ ಮಾತ್ರೆ ಕೊಡು ಎಂದು ಅವರು ಹೇಳಿದ್ದು. ಬೆಳಗ್ಗೆ ಮಾತ್ರ ಕೊಡು ಎಂದು ನಾನು ಕೇಳಿಸಿಕೊಂಡದ್ದು. ಸಂಜೆಯದನ್ನು ಕೊಡಲೇ ಇಲ್ಲ. ಸಿಸ್ಟರ್ ಚಾರ್ಟು ನೋಡಿ ಹಿಡಿದರು, ರೋಗಿಗೆ ತೊಂದರೆಯಾಗಲಿಲ್ಲ. ಅಳುತ್ತ ನಿಂತಿದ್ದ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ತೆಲಿಯಕಪೋತೆ ತಪ್ಪು ಕಾದಮ್ಮಾ, ಅಡಗಕಪೋತೆ ತಪ್ಪು," ಎಂದರು. ಗೊತ್ತಿಲ್ಲದಿದ್ದರೆ ತಪ್ಪಲ್ಲ, ಕೇಳದಿದ್ದರೆ ತಪ್ಪು. ನಾನು ಪಾಠ ಕಲಿತೆ ಎಂದುಕೊಂಡೆ. ಎಷ್ಟು ಕಲಿತಿದ್ದೆ ಎಂಬುದು ಮರುವರ್ಷ ಗೊತ್ತಾಯಿತು.

ಮರುವರ್ಷದ ಬೇಸಿಗೆಯಲ್ಲಿ ಶ್ರೀಕಂಠಯ್ಯ ಎಂಬ ಎಪ್ಪತ್ತರ ಆಸುಪಾಸಿನ ಹಿರಿಯರನ್ನು ಕರೆತಂದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು. ಜೊತೆಗೆ ಮಗ ರವಿ, ಸೊಸೆ ಪದ್ಮಜ. ದಾಖಲು ಮಾಡಿಕೊಂಡವಳು ನಾನೇ. ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಎಂದು ತೆಲುಗಿನಲ್ಲಿ ಕೇಳಿದೆ. "ಅಲಾಂಟಿದೇಮೀ ಲೇದಂಡಿ," ಎಂದರು ರವಿ. ಅಂಥದ್ದೇನೂ ಇಲ್ಲ. ಆ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ದುಂಡಗೆ ಬರೆದು ಮುಂದಿನ ಹಾಳೆಗೆ ಹೋದೆ. ಮಂಚದ ಮೇಲಿದ್ದವರು ನನ್ನನ್ನೇ ನೋಡುತ್ತಿದ್ದರು. ಮಾತು ನಿಂತವರನ್ನು ಕೇಳುವುದೇನು ಎಂದುಕೊಂಡು ಕೇಳಲಿಲ್ಲ.

ಮೂರನೆಯ ಬೆಳಗ್ಗೆ ಸ್ವಪ್ನ ಎಂಬ ಕಿರಿಯ ನರ್ಸು ಅವರಿಗೆ ಬಟ್ಟೆ ಅದ್ದಿ ಮೈ ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ ನಗುತ್ತ ನನ್ನನ್ನು ಕೂಗಿದಳು. "ಅಕ್ಕಾ, ತಾತಗಾರು ಮಾಟ್ಲಾಡಾರು! ಬಿಜೀ ಅಂಟ! ಬ್ಯಾಂಕ್ ಮೇನೇಜರ್ ಕದಾ!" ತಾತ ಮಾತಾಡಿದರು, ಬಿಜಿಯಂತೆ, ಮ್ಯಾನೇಜರ್ ಅಲ್ಲವೇ ಎಂದು ಅವಳಿಗೆ ತಮಾಷೆ. ನಾನೂ ನಗಲು ಹೊರಟವಳು ಅವರ ದನಿ ಕೇಳಿ ನಿಂತೆ.

"ಬಿಸಿ... ಬಿಸಿ ಕಣಮ್ಮ..."

ಬೇಸಿನ್ನಿಗೆ ಕೈಯದ್ದಿದೆ. ನೀರು ಸುಡುತ್ತಿತ್ತು. ಒರೆಸುವ ನೀರನ್ನು ಮೊದಲು ನಮ್ಮ ಮೊಣಕೈಗೆ ತಾಗಿಸಿ ನೋಡಬೇಕೆಂಬುದು ನಮಗೆ ಮೊದಲ ತಿಂಗಳಲ್ಲೇ ಹೇಳಿಕೊಟ್ಟಿದ್ದ ವಿಷಯ. ಸ್ವಪ್ನ ಹೆದರಿ ತಣ್ಣೀರು ತರಲು ಓಡಿದಳು. ನಾನು ಬಗ್ಗಿ, "ತಾತ, ನೀವು ಕನ್ನಡದವರಾ?" ಎಂದೆ.

ಅವರು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬಾರದು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡವರು, ಸ್ವಪ್ನ ನೀರು ತಂದು ಬೆರೆಸಿ ಮುಗಿಸಿದರೂ ಬಿಡಲಿಲ್ಲ.

ಅವರು ನಂಜನಗೂಡಿನವರು. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ಮನೆ ಮಾಡಿ ಅಲ್ಲೇ ನಿಂತವರು. ಇದೆಲ್ಲ ರವಿ ಹೇಳಿದ್ದು. ಹೆಂಡತಿ ಕಮಲಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರಿರುವವರೆಗೆ ಮನೆಯಲ್ಲಿ ಕನ್ನಡವಿತ್ತು. ರವಿಗೆ ಊಟತಿಂಡಿಯ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಪದ್ಮಜ ಗುಂಟೂರಿನವಳು. ಮೂವತ್ತು ವರ್ಷ ತೆಲುಗಿನಲ್ಲೇ ವ್ಯವಹಾರ ಮಾಡಿದ ಮನುಷ್ಯನಿಂದ ಲಕ್ವ ತೆಲುಗನ್ನು ಒರೆಸಿಹಾಕಿ, ಕನ್ನಡದ ಕೆಲವು ಚೂರುಗಳನ್ನು ಉಳಿಸಿತ್ತು. ಕೆಲವರಿಗೆ ಹೀಗಾಗುವುದುಂಟು ಎಂದರು ಡಾಕ್ಟರು. ಎರಡು ದಿನದಿಂದ ಅವರು ಗೊಣಗಿದ್ದನ್ನೆಲ್ಲ ನಾವು ನರಳಾಟವೆಂದು ಬರೆದುಕೊಂಡಿದ್ದೆವು.

ಅಂದಿನಿಂದ ಶಿಫ್ಟಿಗೆ ಹತ್ತು ನಿಮಿಷ ಮೊದಲು ಹೋಗಿ ಅವರ ಬಳಿ ಕೂರುತ್ತಿದ್ದೆ. ವಾರ್ಡಿನಲ್ಲಿ ಎಲ್ಲರೂ ನನ್ನ ಸೇವಾಭಾವವನ್ನು ಹೊಗಳಿದರು. ನಾನೂ ಹೊಗಳಿಸಿಕೊಂಡೆ. ನಿಜ ಹೇಳಬೇಕೆಂದರೆ ಹೋಗುತ್ತಿದ್ದದ್ದು ನನಗಾಗಿ. ಮಗನ ಹೆಸರು ಹೇಳಲಾಗದ ಆ ಬಾಯಿಂದ ಒಂದು ಇಡೀ ವಾಕ್ಯ ಮಾತ್ರ ಎಲ್ಲೂ ಮುಕ್ಕಾಗದೆ ಬರುತ್ತಿತ್ತು: "ಏನಮ್ಮಾ, ಊಟ ಆಯ್ತಾ?" ಬೆಳಗ್ಗೆ ಏಳಕ್ಕೂ ಅದೇ, ಮಧ್ಯಾಹ್ನ ಎರಡಕ್ಕೂ ಅದೇ. ಮೊದಲ ಸಲ ಕೇಳಿದಾಗ "ಆಯ್ತು ತಾತ" ಎಂದು ಹೇಳಿ, ಬೆಡ್‌ಶೀಟುಗಳ ಕೋಣೆಗೆ ಹೋಗಿ, ಒಗೆದ ಬಟ್ಟೆಯ ಗಂಟಿಗೆ ಮುಖ ಒತ್ತಿಕೊಂಡು ಅತ್ತೆ. ಊಟವಾಯಿತೇ ಎಂದು ಆ ಊರಿನಲ್ಲಿ ಎಷ್ಟೋ ಜನ ಕೇಳಿದ್ದರು, ತೆಲುಗಿನವರಷ್ಟು ಉಪಚಾರ ಯಾರಿಗೆ ಬರುತ್ತದೆ! ಆದರೆ ಹೊಟ್ಟೆ ತುಂಬಿದ್ದು ಅವತ್ತು.

ಪದ್ಮಜ ಇದನ್ನೆಲ್ಲ ಗಮನಿಸುತ್ತಿದ್ದಳು. ಒಂದು ದಿನ ಔಷಧದ ಚೀಟಿಯ ಹಿಂಬದಿಯನ್ನೂ ಪೆನ್ನನ್ನೂ ಹಿಡಿದು ಬಂದಳು. "ಅಕ್ಕಾ, ಮಾವಯ್ಯಗಾರಿ ಮಾಟಲು ನಾಕು ನೇರ್ಪಂಡಿ." ಮಾವನ ಮಾತು ಕಲಿಸಿ ಎಂದು. ನೀರು, ನೋವು, ಬಿಸಿ, ಸಾಕು, ಬೇಕು, ಬೇಡ. ತೆಲುಗು ಅಕ್ಷರದಲ್ಲಿ ಬರೆದುಕೊಂಡಳು. ಬೇಕು, ಬೇಡ ಎರಡೂ ಮೊದಲೆರಡು ದಿನ ಅದಲುಬದಲಾಗಿ, ಮಾವ ಬೇಡ ಎಂದಷ್ಟೂ ಗಂಜಿ ಬಡಿಸಿದಳು. ಅವರು ಉಗುಳಲಿಲ್ಲ. ಸೊಸೆ ಕನ್ನಡ ಮಾತಾಡುವಾಗ ಹೇಗೆ ಉಗುಳುತ್ತಾರೆ?

ಒಂದು ವಾರದ ಮೇಲೆ ಅವರಿಗೆ ಕೆಮ್ಮು, ಜ್ವರ ಏರಿತು. ನುಂಗುವ ಶಕ್ತಿ ಕುಂದಿದವರಿಗೆ ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕೆ ಇಳಿದು ಎದೆ ಕಟ್ಟುವುದುಂಟು. ಬೆಳಗ್ಗೆ ಡಾಕ್ಟರು ಹೊಸ ಇಂಜೆಕ್ಷನ್ ಬರೆದು ಹೋಗಿದ್ದರು. ನಾನು ಮಧ್ಯಾಹ್ನದ ಶಿಫ್ಟಿಗೆ ಬಂದಾಗ ಸ್ವಪ್ನ ಟ್ರೇ ಹಿಡಿದು ಅವರ ಮಂಚದ ಬಳಿ ನಿಂತಿದ್ದಳು. ಅವರು ಎಡಗೈಯನ್ನು ಎದೆಗೆ ಅವುಚಿಕೊಂಡು ತಲೆಯಾಡಿಸುತ್ತಿದ್ದರು.

"ಆಗಲ್ಲ... ಆಗಲ್ಲ..."

"ದಗ್ಗು ಆಗಲೇದಂಟ ಅಕ್ಕಾ," ಎಂದಳು ಸ್ವಪ್ನ. "ಪಾಪಂ. ಅಂದುಕೇ ತ್ವರಗಾ ಇಚ್ಚೇಸ್ತುನ್ನಾ."

ಇಲ್ಲಿ ನಿಮ್ಮನ್ನು ಒಂದು ಗಳಿಗೆ ನಿಲ್ಲಿಸಬೇಕು. ತೆಲುಗಿನಲ್ಲಿ ಆಗು ಎಂದರೆ ನಿಲ್ಲು. ಆಗಲೇದು ಎಂದರೆ ನಿಲ್ಲಲಿಲ್ಲ. ಕೃಷ್ಣಾ ತೀರದವರ ಬಾಯಲ್ಲಿ ಅದು ಸವೆದು ‘ಆಗಲಾ’ ಎಂದಾಗುತ್ತದೆ, ನಮ್ಮ ‘ಆಗಲ್ಲ’ದ ಪಕ್ಕದ ಮನೆಯಂತೆ ಕೇಳಿಸುತ್ತದೆ. ಕೆಮ್ಮು ನಿಂತಿಲ್ಲವಂತೆ, ಪಾಪ, ಅದಕ್ಕೇ ಬೇಗ ಕೊಡುತ್ತಿದ್ದೇನೆ ಎಂದು ಆ ಹುಡುಗಿ ಕರುಣೆಯಿಂದಲೇ ಹೇಳಿದ್ದು. ನಮ್ಮ ಕಡೆಯ ಮುದುಕರೊಬ್ಬರು ಔಷಧದ ಮುಂದೆ ಆಗಲ್ಲ ಎಂದರೆ ಅದರ ಅರ್ಥ ಪೂರಾ ಬೇರೆ.

"ಒಂದು ನಿಮಿಷ ಇರು," ಎಂದೆ. ಗಾಬರಿಯಲ್ಲಿ ಸ್ವಪ್ನನಿಗೂ ಕನ್ನಡದಲ್ಲೇ ಹೇಳಿದ್ದೆ. ಅವಳು ನಿಂತಳು.

"ತಾತ, ಏನು ಆಗಲ್ಲ? ಸೂಜಿ ನೋವಾಗುತ್ತಾ?"

"ಅಲ್ಲ... ಅದು..." ಟ್ರೇಯನ್ನು ತೋರಿಸಿದರು. "ಮೈ... ಮೈಯೆಲ್ಲ..." ಎಡಗೈ ಮೇಲೆದ್ದು ಗಂಟಲನ್ನು ಮುಟ್ಟಿತು. "ಉಸಿರು..." ಮುಂದಿನ ಮಾತಿಗಾಗಿ ತಡಕಾಡಿ ಸೋತು, ಕೊನೆಗೆ ತೀರ ಸಲೀಸಾಗಿ ಹೇಳಿದರು: "ಕಮಲಂಗೆ ಗೊತ್ತು."

ಸೀಸೆಯ ಮೇಲಿನ ಹೆಸರು ಓದಿದೆ, ಪೆನ್ಸಿಲಿನ್ ಜಾತಿಯದು. ಅದು ಒಗ್ಗದವರಿಗೆ ಪರೀಕ್ಷೆಗೆಂದು ಚುಚ್ಚುವ ಒಂದು ಹನಿಯೂ ಕೆಲವೊಮ್ಮೆ ಉಸಿರು ನಿಲ್ಲಿಸಬಲ್ಲದು.

ರತ್ನಂ ಸಿಸ್ಟರ್ ಬಂದರು. ಎಲ್ಲ ಕೇಳಿ ದಾಖಲೆಯ ಹಾಳೆ ತೆಗೆದು ಆ ಕಾಲಮ್ಮಿನ ಮೇಲೆ ಬೆರಳಿಟ್ಟರು. "ಇದಿ ಎವರು ರಾಸಾರು?"

"ನೇನೇ ಸಿಸ್ಟರ್." ಬರೆದವಳು ನಾನೇ.

ಅವರು ನನ್ನನ್ನು ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರಿಗೆ ಕಿರಿಕಿರಿಯಾಯಿತು. ರೋಗಿಗೆ ಗೊಂದಲವಿದೆ, ಮಗ ಏನೂ ಇಲ್ಲ ಎಂದಿದ್ದಾನಲ್ಲ, ಎದೆ ಕಟ್ಟಿದೆ, ತಡ ಮಾಡುವುದು ಸರಿಯಲ್ಲ ಎಂದರು. ಅದೂ ನಿಜವೇ. "ಒಕ್ಕ ಗಂಟ ಇವ್ವಂಡಿ ಸಾರ್," ಎಂದರು ಸಿಸ್ಟರ್, ಅದೇ ಮೆಲುದನಿಯಲ್ಲಿ. ಒಂದು ಗಂಟೆ ಕೊಡಿ. ಅವರು ಒಪ್ಪಿದರು. ರವಿ ಹಳೆಯ ಕಾಗದಪತ್ರ ಹುಡುಕಲು ಭವಾನಿಪುರಂಗೆ ಸ್ಕೂಟರಿನಲ್ಲಿ ಹೋದರು. ನಾನು ತಾತನ ತಲೆಯ ಕಡೆ ಮಂಚ ಎತ್ತರಿಸಿ, ಮಗ್ಗುಲಿಗೆ ತಿರುಗಿಸಿ, ಬಾಯಿ ಒರೆಸುತ್ತ ಕುಳಿತೆ. ಉಸಿರು ಗೊರಗೊರ ಎನ್ನುತ್ತಿತ್ತು. ನಾನು ಹೇಳಿದ್ದು ಸುಳ್ಳಾಗಿದ್ದರೆ, ಈ ಒಂದು ಗಂಟೆ ನನ್ನಿಂದ ಹೋದದ್ದು.

ಅರ್ಧ ಗಂಟೆಗೆ ರವಿಯ ಫೋನ್ ಬಂತು. ಯಾವ ಫೈಲಿನಲ್ಲೂ ಏನೂ ಇಲ್ಲ. ನನಗೆ ಹೇಗೆ ಹೊಳೆಯಿತೋ, "ಅಮ್ಮನ ಔಷಧದ ಡಬ್ಬಿ ಇದೆಯಾ?" ಎಂದು ಕೇಳಿದೆ. ಇದೆ, ಹಳೇ ಬಿಸ್ಕತ್ತಿನ ಡಬ್ಬಿ. ಒಳಗೆ? ಏನಿಲ್ಲ, ಖಾಲಿ. ಮುಚ್ಚಳದ ಒಳಗಡೆ ಅಮ್ಮ ಏನೋ ಬರೆದು ಅಂಟಿಸಿದ್ದಾರೆ, ಕನ್ನಡದಲ್ಲಿದೆ, ನನಗೆ ಓದಲು ಬಾರದು.

ಓದಿ ಎಂದೆ. ತೆಲುಗು ಅಕ್ಷರವೂ ಕನ್ನಡ ಅಕ್ಷರವೂ ದಾಯಾದಿಗಳಲ್ಲವೇ. ಮಗುವಿನ ಹಾಗೆ ಒಂದೊಂದೇ ಕೂಡಿಸಿ ಓದಿದರು. "ಇ...ವ...ರಿ...ಗೆ... ಪೆನ್ಸಿಲ್... ಇನ್..." ನಕ್ಕರು. ಚಿಕ್ಕಂದಿನಲ್ಲಿ ಈ ಒಂದು ಪದ ಮಾತ್ರ ಬಿಡಿಸಿಕೊಂಡು, ಇದು ನನ್ನ ಪೆನ್ಸಿಲಿನ ವಿಷಯ ಎಂದುಕೊಂಡಿದ್ದೆ, ಡಬ್ಬಿಯಲ್ಲಿ ಪೆನ್ಸಿಲ್ ಇಡಬೇಡ ಎಂದು ಅಮ್ಮ ಬರೆದಿದ್ದಾಳೆ ಅಂತ, ಎಂದರು. ಆಮೇಲೆ ಕೊನೆಯ ಪದ ಓದಿದರು. "ಆ...ಗ...ಲ್ಲ."

ಇವರಿಗೆ ಪೆನ್ಸಿಲಿನ್ ಆಗಲ್ಲ.

ಅದರ ಅರ್ಥ ಹೇಳಿದೆ. "ರೋಜೂ ಚೂಸೇವಾಣ್ಣಿ," ಎಂದರು ರವಿ. ದಿನವೂ ನೋಡುತ್ತಿದ್ದೆ.

ಮುಚ್ಚಳವನ್ನೇ ತಂದರು. ಮಾಸಿದ ನೀಲಿ ಶಾಯಿ. ಗಂಡನ ಹೆಸರು ಬರೆಯದ ಕಾಲದ ಹೆಂಗಸು ಕಮಲಮ್ಮ, ‘ಇವರಿಗೆ’ ಎಂದಷ್ಟೇ ಬರೆದಿದ್ದರು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ರೋಗಿಯ ಹೆಸರೆಲ್ಲಿ ಎಂದು ರತ್ನಂ ಸಿಸ್ಟರ್ ಕೇಳುತ್ತಿದ್ದರೇನೋ. ಆ ಹೊತ್ತು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಕೆಂಪು ಶಾಯಿಯಲ್ಲಿ ಚಾರ್ಟಿನ ಮೇಲೆ ದೊಡ್ಡದಾಗಿ ಬರೆದರು. ಡಾಕ್ಟರು ಬಂದು ಔಷಧ ಬದಲಿಸಿದರು. ಹೋಗುವ ಮುನ್ನ ಶ್ರೀಕಂಠಯ್ಯನವರ ಭುಜದ ಮೇಲೆ ಕೈಯಿಟ್ಟರು. ನಾಲ್ಕನೆಯ ದಿನ ಜ್ವರ ಬಿಟ್ಟಿತು.

ಎಲ್ಲರೂ ನನ್ನನ್ನು ಹೊಗಳಿದರು, ಸಿಸ್ಟರ್ ಒಬ್ಬರನ್ನು ಬಿಟ್ಟು. ಅವರು ಸಂಜೆ ಹೊಸ ದಾಖಲೆಯ ಹಾಳೆ ಕೊಟ್ಟು, "ಮಳ್ಳೀ ರಾಯಿ. ಈಸಾರಿ ಆಯನ್ನಿ ಅಡುಗು," ಎಂದರು. ಮತ್ತೆ ಬರಿ, ಈ ಸಲ ಅವರನ್ನೇ ಕೇಳು. ತಾತನ ಪಕ್ಕ ಕುಳಿತು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. ಒಂದು ಹಾಳೆ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಕೆಲಸದ ಬಾಳಿನಲ್ಲಿ ಅಷ್ಟು ಚೆನ್ನಾಗಿ ತುಂಬಿದ ಹಾಳೆ ಇನ್ನೊಂದಿಲ್ಲ.

ಮೂರು ವಾರದ ಮೇಲೆ ತಾತ ಮನೆಗೆ ಹೋದರು. ಪದ್ಮಜ ಆ ವೇಳೆಗೆ ಅರ್ಧ ನರ್ಸಾಗಿದ್ದಳು. ಕೂರಿಸಿಯೇ ಉಣಿಸುವುದು, ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಬೆನ್ನು ಕೆಂಪಾಗಿದೆಯೇ ಎಂದು ನೋಡುವುದು, ಎಲ್ಲ ಕಲಿತಿದ್ದಳು. ಅದಾಗಿ ಕೆಲವೇ ತಿಂಗಳಿಗೆ ನನಗೂ ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿತು, ದ್ವಾರಕಾ ನಗರದ ಹತ್ತಿರ. ಎರಡು ವರ್ಷ ಬಯಸಿದ್ದೆಲ್ಲ ಕೈಗೆ ಬಂತು: ಗಂಡ, ಮನೆ, ಗೊಣಗಿದರೆ ಕೇಳುವ ಒಂದು ಜೊತೆ ಕಿವಿ, ಸಾಲದ್ದಕ್ಕೆ ಸಮುದ್ರ. ಆದರೆ ಹಂಬಲ ಎಂಬುದು ರೈಲಿನಲ್ಲಿ ಎದುರು ಸೀಟಿನವರ ಹಾಗೆ, ನಾವು ಎತ್ತ ಹೊರಟರೂ ಅದು ಮುಖ ಮಾಡಿ ಕೂರುವುದು ಬಿಟ್ಟು ಬಂದ ಕಡೆಗೇ. ಬೀಚಿನಲ್ಲಿ ಪ್ರಕಾಶ್ ಪಕ್ಕದಲ್ಲಿ ಕುಳಿತು ನಾನು ಗವರ್ನರ್‌ಪೇಟೆಯ ಆ ಸೆಕೆಯ ವಾರ್ಡನ್ನು ನೆನೆಯುತ್ತಿದ್ದೆ.

ಭಾನುವಾರ ಬೆಳಗ್ಗೆ ಪದ್ಮಜ ಫೋನ್ ಮಾಡಿ ಮಾವನ ಕಿವಿಗೆ ಹಿಡಿಯುತ್ತಿದ್ದಳು. ಅವರ ವಾಕ್ಯ ಬರುತ್ತಿತ್ತು, ನನ್ನ ಉತ್ತರ ಹೋಗುತ್ತಿತ್ತು. ಆಮೇಲೆ ನಾನೇ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. ಹೀಗೆ ಒಂದೂವರೆ ವರ್ಷ. ಒಂದು ಮಂಗಳವಾರ ಅವಳ ಫೋನ್ ಬಂದಾಗಲೇ ತಿಳಿಯಿತು, ಮಂಗಳವಾರ ಅವಳು ಮಾಡುವವಳಲ್ಲ. ನಿದ್ದೆಯಲ್ಲೇ ಹೋದರಂತೆ. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ ಅಕ್ಕಾ ಎಂದು ತೆಲುಗಿನಲ್ಲಿ ಎರಡು ಸಲ ಹೇಳಿದಳು. ನರ್ಸಿಗೆ ನರ್ಸು ಹೇಳುವ ಮಾತು ಅದು.

ವೈಕುಂಠ ಸಮಾರಾಧನೆ ಕಳೆದ ಮೇಲಿನ ಭಾನುವಾರ, ಅದೇ ಹೊತ್ತಿಗೆ, ಫೋನ್ ಮತ್ತೆ ರಿಂಗಾಯಿತು. ಪದ್ಮಜ. ಏನಾಯಿತು ಎಂದೆ. ಏನಿಲ್ಲ ಎಂದಳು. ಆಮೇಲೆ, ತೆಲುಗು ಬಿಟ್ಟು, ಚೀಟಿಯ ಹಿಂದೆ ಬರೆದು ಕಲಿತ ಆ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು:

"ಅಕ್ಕಾ, ಮನೇಲಿ ಕನ್ನಡ ಇಲ್ಲ ಅಕ್ಕಾ. ಏನಾದ್ರೂ ಮಾತಾಡಿ. ನಾನು ಕೇಳ್ತಾನು."

ಏನು ಮಾತಾಡಲಿ? ಹೇಳು ಎಂದಾಗಲೇ ಮಾತು ಸಿಕ್ಕುವುದಿಲ್ಲ. ಎದುರಿಗೆ ಹುರುಳಿಕಾಳು ಬೇಯುತ್ತಿತ್ತು. ಅದನ್ನೇ ಹಿಡಿದೆ. ಬಸ್ಸಾರು ಹೇಗೆ ಮಾಡುತ್ತಾರೆ, ಕಟ್ಟು ಬಸಿಯುವಾಗ ನಮ್ಮಮ್ಮ ಏಕೆ ಯಾರನ್ನೂ ಮಾತಾಡಿಸುತ್ತಿರಲಿಲ್ಲ, ಅರಸೀಕೆರೆ ಸ್ಟೇಷನ್ನಿನಲ್ಲಿ ನಮ್ಮಪ್ಪ ಒಮ್ಮೆ ಬೇರೆಯವರ ಟ್ರಂಕು ಹೊತ್ತು ತಂದದ್ದು. ಪದ್ಮಜನಿಗೆ ಅರ್ಧಕ್ಕರ್ಧ ಅರ್ಥವಾಗಿರಲಾರದು. ಒಂದು ಭಾಷೆಯನ್ನು ಕಳೆದುಕೊಂಡು ಹಂಬಲಿಸಲು ಅದು ಪೂರ್ತಿ ಬರಬೇಕಾಗಿಲ್ಲ ಎಂದು ಅವಳ ಉಸಿರಾಟ ಕೇಳುತ್ತ ನನಗೆ ಅನಿಸಿತು. ನಿಲ್ಲಿಸಲು ಮನಸ್ಸಾಗಲಿಲ್ಲ.

ಫೋನ್ ಇಡುವ ಹೊತ್ತಿಗೆ ಸಾರು ತಳ ಹಿಡಿದಿತ್ತು. ಪ್ರಕಾಶ್ ಅದನ್ನೇ ಎರಡು ಸಲ ಬಡಿಸಿಕೊಂಡು ಉಂಡರು.